ಕಟ್ಟಿದ ಕಥೆಯೂ ಮುರಿಯುವ ಮೂಳೆಯೂ

ಕನ್ನಡನಾಡಿನಲ್ಲಿ ಮಲ್ಲವಿದ್ಯೆಗೆ ಸುದೀರ್ಘವಾದ ಪರಂಪರೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕಾಗಿಯೇ ಒಂದು ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ನೈಪುಣ್ಯಗಳಿಗನುಸಾರವಾಗಿ ವಿಂಗಡಿಸುವ ಕ್ರಮವನ್ನೂ ಅವರ ಆಹಾರ ವ್ಯಾಯಾಮಗಳನ್ನೂ ಅಲ್ಲಿ ವಿವರಿಸಿದೆ. ಸರಿಸಮಾನರನ್ನೇ ಎದುರುಬದುರು ನಿಲ್ಲಿಸಬೇಕೆಂಬ ಎಚ್ಚರವು ಇಂದಿಗೂ ನಮ್ಮಲ್ಲಿ ಉಳಿದಿದೆ. ಮೈಸೂರಿನ ದಸರಾ ಕುಸ್ತಿಗೆ ಮುಂಚೆ ಹಿರಿಯರೂ ಉಸ್ತಾದರೂ ಕಲೆತು, ಪೈಲ್ವಾನರನ್ನು ನೋಡಿ, ಯಾರಿಗೆ ಯಾರು ಎದುರಾಳಿಯೆಂಬುದನ್ನು ಗೊತ್ತುಮಾಡುತ್ತಾರೆ. ಇದಕ್ಕೆ 'ಜೋಡಿ ಕಟ್ಟುವುದು' ಎಂದು ಹೆಸರು. ಜೋಡಿಯನ್ನು ಕಟ್ಟುವುದಷ್ಟೇ ಹಿರಿಯರ ಕೆಲಸ. ಗೆಲುವನ್ನು ಕಟ್ಟುವುದು ಅವರ ಕೆಲಸವಲ್ಲ. ಯಾರ ಬೆನ್ನು ಮಟ್ಟಿಗೆ ತಾಗುವುದೆಂಬುದು ಅಖಾಡದಲ್ಲಿಯೇ ತೀರ್ಮಾನವಾಗತಕ್ಕದ್ದು.

ಜೋಡಿಯೊಂದಿಗೆ ಗೆಲುವನ್ನೂ ಮುಂಚಿತವಾಗಿಯೇ ಕಟ್ಟಿಡುವ ಇನ್ನೊಂದು ಬಗೆಯ ಕುಸ್ತಿಯೂ ಲೋಕದಲ್ಲಿದೆ. ಅಮೆರಿಕದಲ್ಲಿ ಬೆಳೆದು, 1990ರ ದಶಕದಲ್ಲಿ ಕೇಬಲ್ ಟೆಲಿವಿಷನ್ನಿನ ಮೂಲಕ ನಮ್ಮ ಮನೆಗಳನ್ನು ಹೊಕ್ಕ ವೃತ್ತಿಪರ ಕುಸ್ತಿಯೇ ಅದು. ಬೆಂಗಳೂರಿನ ಕುರುಬರಹಳ್ಳಿ, ರಾಜಾಜಿನಗರಗಳ ಬೀದಿಗಳಲ್ಲಿ ಆಗ ಬೆಳೆದ ಹುಡುಗರಿಗೆ ಆ ಮಲ್ಲರ ಎತ್ತರ ತೂಕಗಳು, ಅವರ ಚಿತ್ರವಿದ್ದ ಟ್ರಂಪ್ ಕಾರ್ಡುಗಳ ಪ್ರಸಾದದಿಂದ, ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿದ್ದವು. ಆ ಹುಡುಗರೇ ಇಂದು ಅಧ್ಯಾಪಕರಾಗಿರುವಾಗಲೂ, ತರಗತಿಯಲ್ಲಿ ಸಂವೇಗದ ಪಾಠಕ್ಕೆ ಬಂದೊಡನೆ, ಹಿಂದಿನ ಬೆಂಚಿನಿಂದ ಅದೇ ಹಳೆಯ ಪ್ರಶ್ನೆ ಬರುವುದುಂಟು: "ಸಾರ್, ಅದೆಲ್ಲ ಸುಳ್ಳಲ್ಲವೆ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಫಲಿತಾಂಶವು ಸುಳ್ಳು; ಬೀಳುವುದು ನಿಜ. ಈ ಎರಡರ ನಡುವಣ ತಿಕ್ಕಾಟವೇ ಪ್ರಸ್ತುತ ಲೇಖನದ ವಿಷಯ. ತಿಂಗಳುಗಟ್ಟಲೆ ಮುಂಚೆ ಬರೆದಿಟ್ಟ ಕಥೆಯೊಂದು, ಬರೆದವನ ಮಾತನ್ನು ಕೇಳದ ಮೂಳೆ ಮಾಂಸಗಳನ್ನು ನಂಬಿ ನಡೆಯಬೇಕಾದಾಗ ಏನಾಗುತ್ತದೆ? ಕಥೆಯು ಬಾಗಬೇಕೆ, ಮೈ ಬಾಗಬೇಕೆ?

ಕಥೆಯ ಸ್ವರೂಪ

ಈ ಕುಸ್ತಿಯಲ್ಲಿ ಯಾರು ಯಾರೊಡನೆ ಸೆಣಸಬೇಕು, ಯಾರು ಗೆಲ್ಲಬೇಕು, ಆ ಗೆಲುವಿನಿಂದ ಮುಂದೆ ಯಾವ ವೈರ ಹುಟ್ಟಬೇಕು ಎಂಬುದನ್ನೆಲ್ಲ ಗೊತ್ತುಮಾಡುವುದಕ್ಕೆ ಆ ವೃತ್ತಿಯವರು 'ಬುಕಿಂಗ್' ಎನ್ನುತ್ತಾರೆ. ನಮ್ಮ 'ಜೋಡಿ ಕಟ್ಟುವುದು' ಎಂಬುದಕ್ಕೆ ಕಥೆಯನ್ನೂ ಗೆಲುವನ್ನೂ ಸೇರಿಸಿದರೆ ಅದೇ ಬುಕಿಂಗ್. ಇದು ಮೊದಲು ಗುಟ್ಟಾಗಿದ್ದಿತು. 1989ರಲ್ಲಿ ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಶಾಸನಸಭೆಯೆದುರು, ಇಂದು ಡಬ್ಲ್ಯುಡಬ್ಲ್ಯುಇ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯೇ ತನ್ನದು ಸ್ಪರ್ಧೆಯಲ್ಲ, ಮನೋರಂಜನೆಯೆಂದು ಒಪ್ಪಿಕೊಂಡಿತು. ಕ್ರೀಡೆಗಳ ಮೇಲಿನ ಸರ್ಕಾರೀ ನಿಯಂತ್ರಣದಿಂದ ಪಾರಾಗುವುದು ಅದರ ಉದ್ದೇಶವಾಗಿದ್ದಿತು.

ಫಲಿತಾಂಶ ಮೊದಲೇ ಗೊತ್ತಾಗಿರುವುದನ್ನು ನಾವು ದೊಡ್ಡ ದೋಷವೆಂದು ಎಣಿಸಬೇಕಾಗಿಲ್ಲ. ಗದಾಯುದ್ಧದ ಪ್ರಸಂಗವನ್ನು ನೋಡಲು ಹೋದವನಿಗೆ ದುರ್ಯೋಧನನ ತೊಡೆ ಮುರಿಯುವುದೆಂದು ತಿಳಿಯದೆ? ತಿಳಿದಿದ್ದರೂ ಅವನು ಬೆಳಗಿನ ಜಾವದವರೆಗೆ ಕುಳಿತಿರುತ್ತಾನೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯಕ್ಷಗಾನದಲ್ಲಿ ದುರ್ಯೋಧನನ ವೇಷಧಾರಿಗೆ ಜ್ವರ ಬಂದರೆ ಇನ್ನೊಬ್ಬ ಕಲಾವಿದನು ಅದೇ ಕಿರೀಟವನ್ನು ಧರಿಸಿ ರಂಗಕ್ಕೆ ಬರಬಹುದು. ಪಾತ್ರ ಬೇರೆ, ಪಾತ್ರಧಾರಿ ಬೇರೆ. ವೃತ್ತಿಪರ ಕುಸ್ತಿಯಲ್ಲಾದರೋ ಪಾತ್ರಕ್ಕೂ ಪಾತ್ರಧಾರಿಗೂ ಇರುವುದು ಒಂದೇ ಮುಖ, ಒಂದೇ ಮೈ. ಅವನ ಮಂಡಿ ಮುರಿದರೆ ಕಥೆಯ ಮಂಡಿಯೂ ಮುರಿಯಿತು.

ಬೀಳುವಿಕೆಯ ಲೆಕ್ಕ

ಈಗ ಕಟ್ಟುಕಥೆಯನ್ನು ಬದಿಗಿರಿಸಿ, ಕಟ್ಟಲಾಗದ ಭಾಗವನ್ನು ನೋಡೋಣ. 100 ಕಿಲೋಗ್ರಾಂ ತೂಗುವ ಮಲ್ಲನೊಬ್ಬನನ್ನು ಎದುರಾಳಿಯು ಎತ್ತಿ, ಒಂದೂವರೆ ಮೀಟರು ಎತ್ತರದಿಂದ ಕೆಡವಿದನೆಂದು ಭಾವಿಸಿರಿ. ಹೈಸ್ಕೂಲಿನಲ್ಲಿ ಕಲಿತ ಸೂತ್ರದಿಂದಲೇ ಅವನು ನೆಲ ಮುಟ್ಟುವಾಗಿನ ವೇಗವನ್ನು ಕಂಡುಹಿಡಿಯಬಹುದು. ಅದು ಸೆಕೆಂಡಿಗೆ ಸುಮಾರು 5.4 ಮೀಟರು, ಎಂದರೆ ಗಂಟೆಗೆ ಸುಮಾರು 20 ಕಿಲೋಮೀಟರು. ಈ ವೇಗವು ನಾಟಕದ ವೇಗವಲ್ಲ. ಗುರುತ್ವಾಕರ್ಷಣೆಯು ಯಾರ ಕಥೆಯನ್ನೂ ಓದಿಕೊಂಡು ಬರುವುದಿಲ್ಲ.

ಆದರೆ ಪೆಟ್ಟನ್ನು ನಿರ್ಧರಿಸುವುದು ವೇಗವೊಂದೇ ಅಲ್ಲ. ಆ ವೇಗವು ಎಷ್ಟು ದೂರದಲ್ಲಿ ಶೂನ್ಯಕ್ಕೆ ಇಳಿಯುತ್ತದೆಂಬುದೇ ಮುಖ್ಯ. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ವೇಗವು ಕುಂದುವ ದರವು ಗುರುತ್ವ ವೇಗೋತ್ಕರ್ಷದ ಎಷ್ಟು ಮಡಿಯೆಂಬುದು ಸರಾಸರಿಯಾಗಿ ದೊರೆಯುತ್ತದೆ. ಕಾಂಕ್ರೀಟಿನ ಮೇಲೆ ಬಿದ್ದವನು ಒಂದು ಸೆಂಟಿಮೀಟರಿನಲ್ಲಿ ನಿಂತನೆಂದರೆ ಅದು 150 ಮಡಿ. ಹಲಗೆಯೂ ಅದರ ಕೆಳಗಿನ ಚೌಕಟ್ಟೂ ಬಾಗಿ, ಮೇಲಿನ ತೆಳುವಾದ ಮೆತ್ತೆಯು ಕುಗ್ಗಿ, ನಿಲ್ಲುವ ದೂರವು 10 ಸೆಂಟಿಮೀಟರು ಆಯಿತೆಂದರೆ ಕೇವಲ 15 ಮಡಿ. ಟೆಲಿವಿಷನ್ನಿನ ಕುಸ್ತಿಯ ಕಣವನ್ನು ಉಕ್ಕಿನ ತೊಲೆಗಳ ಮೇಲೆ ಹಲಗೆಗಳನ್ನು ಹಾಸಿ, ಮೆತ್ತೆಯಿಟ್ಟು, ಕ್ಯಾನ್ವಾಸು ಬಿಗಿದು ಕಟ್ಟುವುದರ ಮರ್ಮ ಇದೇ. ಬಿದ್ದಾಗ ಕೇಳಿಬರುವ ಮದ್ದಳೆಯಂಥ ಸದ್ದೂ ಆ ಟೊಳ್ಳು ರಚನೆಯ ಫಲವೇ. ನಮ್ಮ ಗರಡಿಯ ಮಟ್ಟಿಯನ್ನು ಅಗೆದು, ಹದಮಾಡಿ, ಸಡಿಲವಾಗಿ ಇಟ್ಟಿರುವುದರಲ್ಲಿಯೂ ಇದೇ ವಿವೇಕವಿದೆ.

ಎರಡನೆಯ ಉಪಾಯವು ವಿಸ್ತೀರ್ಣದ್ದು. ಬಲವು ಎಷ್ಟೇ ಇರಲಿ, ಅದು ಹೆಚ್ಚು ಜಾಗಕ್ಕೆ ಹಂಚಿಹೋದಷ್ಟೂ ಒತ್ತಡ ಕಡಮೆ. ಆದುದರಿಂದ ಹೊಸ ಮಲ್ಲನಿಗೆ ಮೊದಲು ಕಲಿಸುವುದು ಬೀಳುವುದನ್ನು: ಗಲ್ಲವನ್ನು ಎದೆಗೊತ್ತಿಕೊಂಡು, ಬೆನ್ನಿನ ಮೇಲ್ಭಾಗವೂ ಚಾಚಿದ ತೋಳುಗಳೂ ಏಕಕಾಲದಲ್ಲಿ ನೆಲಕ್ಕೆ ತಾಗುವಂತೆ ಬೀಳುವುದನ್ನು. ಬೆನ್ನಿನ ವಿಸ್ತೀರ್ಣವನ್ನು 2,500 ಚದರ ಸೆಂಟಿಮೀಟರೆಂದೂ ನೆತ್ತಿಯು ನೆಲಕ್ಕೆ ತಾಗುವ ಭಾಗವನ್ನು 25 ಚದರ ಸೆಂಟಿಮೀಟರೆಂದೂ ಇಟ್ಟುಕೊಂಡರೆ, ಅದೇ ಬಲವು ನೆತ್ತಿಯ ಮೇಲೆ ಬಿದ್ದಾಗ ಒತ್ತಡ ನೂರು ಮಡಿಯಾಗುತ್ತದೆ. ಅಷ್ಟೇ ಅಲ್ಲ. ತಲೆ ನೆಲಕ್ಕೆ ತಾಗಿ ನಿಂತರೂ ಮುಂಡವು ಜಡತ್ವದಿಂದ ಚಲಿಸುತ್ತಲೇ ಇರುತ್ತದೆ. ನಿಂತ ತಲೆಗೂ ಬರುತ್ತಿರುವ ಮುಂಡಕ್ಕೂ ನಡುವೆ ಸಿಕ್ಕಿಕೊಳ್ಳುವುದು ಕುತ್ತಿಗೆಯ ಏಳು ಪುಟ್ಟ ಮೂಳೆಗಳು, ಅವುಗಳೊಳಗಿನ ಬೆನ್ನುಹುರಿ. ಅಂಗುಲವೊಂದರ ತಪ್ಪಿಗೆ ಈ ವೃತ್ತಿಯಲ್ಲಿ ತೆರಬೇಕಾದ ಬೆಲೆಯನ್ನು ಇದರಿಂದ ಊಹಿಸಬಹುದು.

ಗಾಯವು ಕಥೆ ಬರೆದಾಗ

ಆ ಬೆಲೆಯನ್ನು ತೆತ್ತವರ ಉದಾಹರಣೆಗಳು ಅನೇಕ. 1976ರ ಏಪ್ರಿಲಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಂದಿನ ಚಾಂಪಿಯನ್ ಬ್ರೂನೋ ಸಮಾರ್ಟಿನೋ ಎಂಬಾತನನ್ನು ಸ್ಟ್ಯಾನ್ ಹ್ಯಾನ್ಸೆನ್ ಎಂಬ ಮಲ್ಲನು ಎತ್ತಿ ಕೆಡವುವಾಗ ಹಿಡಿತ ತಪ್ಪಿತು. ಸಮಾರ್ಟಿನೋ ಕುತ್ತಿಗೆಯ ಮೂಳೆ ಮುರಿದುಕೊಂಡನು. ಕಥೆ ಕಟ್ಟುವವರು ಈ ಅಪಘಾತವನ್ನು ಮುಚ್ಚಿಡಲಿಲ್ಲ; ತಿದ್ದಿ ಹೇಳಿದರು. ಕೈತಪ್ಪಿ ಬಿದ್ದುದರಿಂದಲ್ಲ, ಹ್ಯಾನ್ಸೆನ್ನನು ತೋಳಿನಿಂದ ಕೊಟ್ಟ ಭಯಂಕರವಾದ ಹೊಡೆತದಿಂದ ಮೂಳೆ ಮುರಿಯಿತೆಂದು ಸಾರಿದರು. ಆ ವರ್ಷದ ಜೂನಿನಲ್ಲಿಯೇ ಷಿಯಾ ಕ್ರೀಡಾಂಗಣದಲ್ಲಿ ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದರು. ಗಾಯವು ನಿಜ, ಕಾರಣವು ಕಲ್ಪಿತ.

1997ರ ಆಗಸ್ಟ್ 3ರಂದು ನಡೆದುದು ಇನ್ನೂ ಪ್ರಸಿದ್ಧವಾದ ಪ್ರಸಂಗ. ಓವನ್ ಹಾರ್ಟ್ ಎಂಬಾತನು ಸ್ಟೀವ್ ಆಸ್ಟಿನ್ನನ್ನು ತಲೆಕೆಳಗಾಗಿ ಹಿಡಿದು ಕುಳಿತುಬಿದ್ದಾಗ ಆಸ್ಟಿನ್ನನ ನೆತ್ತಿಯು ನೇರವಾಗಿ ನೆಲಕ್ಕೆ ಬಡಿಯಿತು. ಕೆಲವು ನಿಮಿಷ ಅವನಿಗೆ ಕೈಕಾಲುಗಳ ಸ್ವಾಧೀನವೇ ತಪ್ಪಿದ್ದಿತು. ಆದರೆ ಆ ಪಂದ್ಯವನ್ನು ಆಸ್ಟಿನ್ನನೇ ಗೆಲ್ಲಬೇಕೆಂದು ಕಥೆ ಕಟ್ಟಿದ್ದಿತು. ಹಾರ್ಟನು ಪ್ರೇಕ್ಷಕರನ್ನು ಮಾತಿನಿಂದ ಕೆಣಕುತ್ತ ಹೊತ್ತು ಕಳೆದನು. ಆಸ್ಟಿನ್ನನು ತೆವಳಿಬಂದು, ಅವನನ್ನು ಹೇಗೋ ಉರುಳಿಸಿ, ಬರೆದಿದ್ದ ಗೆಲುವನ್ನು ಪಡೆದನು. ಅನಂತರ ಪ್ರಶಸ್ತಿಯನ್ನು ಬಿಟ್ಟುಕೊಡಬೇಕಾಯಿತು, ತಿಂಗಳುಗಳ ಕಾಲ ಕುಸ್ತಿಯಾಡುವಂತಿರಲಿಲ್ಲ. ಆಡಲಾಗದವನನ್ನು ಜನರ ಕಣ್ಣಿನಿಂದ ಮರೆಯಾಗದಂತೆ ಉಳಿಸುವುದು ಹೇಗೆ? ತನ್ನನ್ನು ಆಡಲು ಬಿಡದ ಒಡೆಯನ ಮೇಲೆ ತಿರುಗಿಬೀಳುವ ನೌಕರನ ಕಥೆಯನ್ನು ಹೆಣೆದರು. 1997ರ ಸೆಪ್ಟೆಂಬರಿನಲ್ಲಿ ಆಸ್ಟಿನ್ನನು ಸಂಸ್ಥೆಯ ಮಾಲಿಕ ವಿನ್ಸ್ ಮೆಕ್‌ಮಹನ್ನನನ್ನೇ ಅಖಾಡದಲ್ಲಿ ಉರುಳಿಸಿದನು. ಆ ವೃತ್ತಿಯ ಇತಿಹಾಸದಲ್ಲಿಯೇ ಅತ್ಯಂತ ಯಶಸ್ವಿಯಾದ ಕಥೆಗಳಲ್ಲೊಂದು ಹೀಗೆ ಮುರುಟಿದ ಕುತ್ತಿಗೆಯಿಂದ ಹುಟ್ಟಿತು. ಕುತ್ತಿಗೆ ಮಾತ್ರ ಕಥೆಯೊಡನೆ ಗುಣವಾಗಲಿಲ್ಲ: 2000ದಲ್ಲಿ ಶಸ್ತ್ರಚಿಕಿತ್ಸೆ, 2003ರಲ್ಲಿ, ನಲವತ್ತು ತುಂಬುವ ಮೊದಲೇ, ನಿವೃತ್ತಿ.

ನಮ್ಮ ದೇಶಕ್ಕೆ ನೇರವಾಗಿ ಸಂಬಂಧಿಸಿದ ಒಂದು ನಿದರ್ಶನವೂ ಇದೆ. 2007ರ ಜುಲೈ ತಿಂಗಳಿನಲ್ಲಿ ಎಡ್ಜ್ ಎಂಬ ಚಾಂಪಿಯನ್ನನ ಎದೆಯ ಮಾಂಸಖಂಡವು ಹರಿದು, ಅವನು ಪಟ್ಟವನ್ನು ತ್ಯಜಿಸಬೇಕಾಯಿತು. ತೆರವಾದ ಪಟ್ಟಕ್ಕಾಗಿ 20 ಮಂದಿಯನ್ನು ಒಮ್ಮೆಗೇ ಕಣಕ್ಕಿಳಿಸಿದರು. ಕಡೆಗೆ ಉಳಿದವನು ಹಿಮಾಚಲ ಪ್ರದೇಶದ ದಲೀಪ್ ಸಿಂಗ್ ರಾಣಾ, ಎಂದರೆ 'ದಿ ಗ್ರೇಟ್ ಖಲಿ'. ಆ ಸಂಸ್ಥೆಯಲ್ಲಿ ವಿಶ್ವ ಚಾಂಪಿಯನ್ ಪಟ್ಟವೇರಿದ ಮೊದಲ ಭಾರತೀಯನೆಂದು ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನ ಬುಡದಲ್ಲಿ ಬೇರೊಬ್ಬನ ಹರಿದ ಮಾಂಸಖಂಡವಿದ್ದಿತೆಂಬುದನ್ನು ಎಷ್ಟು ಮಂದಿ ನೆನೆದರೋ!

ಮೈಯ ಪಂಚಾಂಗ

ಕಥೆಗಾರನಿಗೊಂದು ಪಂಚಾಂಗವಿದೆ. ವರ್ಷದ ಅತ್ಯಂತ ದೊಡ್ಡ ಪ್ರದರ್ಶನವಾದ 'ರೆಸಲ್‌ಮೇನಿಯಾ' ಮಾರ್ಚ್ ಅಥವಾ ಏಪ್ರಿಲಿನಲ್ಲಿ. ಅದರ ಕಥೆಗೆ ನಾಂದಿ ಹಾಡುವ 'ರಾಯಲ್ ರಂಬಲ್' ಸಾಮಾನ್ಯವಾಗಿ ಜನವರಿಯ ಕೊನೆಯಲ್ಲಿ. ಮೈಗೂ ಒಂದು ಪಂಚಾಂಗವಿದೆ. ಇವೆರಡೂ ಹೊಂದಬೇಕೆಂಬ ನಿಯಮವಿಲ್ಲ.

ಮುರಿದ ಮೂಳೆಗೆ ರಕ್ತಸಂಚಾರ ಸಮೃದ್ಧವಾಗಿರುವುದರಿಂದ ಅದು ಸಾಧಾರಣವಾಗಿ ಆರರಿಂದ ಹನ್ನೆರಡು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಮೂಳೆಗೆ ಮೂಳೆಯನ್ನು ಬಿಗಿಯುವ ಅಸ್ಥಿರಜ್ಜುಗಳ, ಎಂದರೆ ಲಿಗಮೆಂಟುಗಳ, ವಿಷಯ ಹಾಗಲ್ಲ. ಅವುಗಳಿಗೆ ರಕ್ತವು ಸಿಗುವುದೇ ಕಡಮೆ; ರಕ್ತ ಕಡಮೆಯಾದಲ್ಲಿ ದುರಸ್ತಿಯ ಸಾಮಗ್ರಿಯೂ ಕಡಮೆ. ಮಂಡಿಯೊಳಗಣ ಮುಂದಿನ ಅಡ್ಡರಜ್ಜು ಹರಿದರೆ ಅದು ತಾನಾಗಿ ಕೂಡುವುದು ವಿರಳ. ಶಸ್ತ್ರವೈದ್ಯರು ದೇಹದ ಬೇರೆ ಭಾಗದ ರಜ್ಜುವಿನ ತುಂಡನ್ನು ತೆಗೆದು ಅಲ್ಲಿ ಕಸಿಮಾಡುತ್ತಾರೆ. ಈ ಕಸಿಯ ವರ್ತನೆಯು ವಿಚಿತ್ರವಾದುದು. ಹೊಸ ಜಾಗದಲ್ಲಿ ರಕ್ತನಾಳಗಳು ಬೆಳೆಯುವ ತನಕ ಅದು ಮೊದಲಿಗಿಂತ ದುರ್ಬಲವಾಗುತ್ತ ಹೋಗಿ, ಕೆಲವು ವಾರಗಳಲ್ಲಿ ಅತಿ ಕ್ಷೀಣಸ್ಥಿತಿಯನ್ನು ಮುಟ್ಟಿ, ಆಮೇಲೆ ನಿಧಾನವಾಗಿ ಬಲವನ್ನು ಪಡೆಯುತ್ತದೆ. ಆ ದುರ್ಬಲ ಕಾಲದಲ್ಲಿಯೇ ಊತವೂ ನೋವೂ ಇಳಿದು, ರೋಗಿಗೆ 'ನಾನು ಗುಣವಾದೆ' ಎನ್ನಿಸಲು ತೊಡಗುತ್ತದೆ! ನೋವು ಹೋದುದು ಬಲ ಬಂದುದರ ಗುರುತಲ್ಲ. ಆದಕಾರಣ ವೈದ್ಯರು ಸ್ಪರ್ಧೆಗೆ ಮರಳಲು ಒಂಬತ್ತು ತಿಂಗಳಾದರೂ ತಡೆಯಿರೆಂದು ಸಾಮಾನ್ಯವಾಗಿ ಹೇಳುತ್ತಾರೆ.

2015ರ ನವೆಂಬರ್ 4ರಂದು ಡಬ್ಲಿನ್ ನಗರದಲ್ಲಿ ಅಂದಿನ ಚಾಂಪಿಯನ್ ಸೆತ್ ರಾಲಿನ್ಸನ ಮಂಡಿಯು ಇದೇ ರೀತಿ ಕೆಟ್ಟಿತು. ಪಟ್ಟವು ತೆರವಾಯಿತು, ಅದೇ ತಿಂಗಳು ಅವಸರದಿಂದ ಪಂದ್ಯಾವಳಿಯೊಂದನ್ನು ಏರ್ಪಡಿಸಬೇಕಾಯಿತು. ಮುಂದಿನ ವಸಂತದ ಮಹಾಪ್ರದರ್ಶನವು ರಾಲಿನ್ಸನಿಲ್ಲದೆಯೇ ನಡೆಯಿತು; ಅವನು ಮರಳಿದುದು 2016ರ ಮೇ ತಿಂಗಳಿನಲ್ಲಿ.

ಸಂಭವನೀಯತೆಯ ಒಂದು ಲೆಕ್ಕ

ದೀರ್ಘಕಾಲದ ಯೋಜನೆಯು ಇಷ್ಟು ಸುಲಭವಾಗಿ ಮುರಿಯುವುದೇಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ಮನಗಾಣಬಹುದು. ಒಬ್ಬ ಮಲ್ಲನು ಯಾವುದಾದರೊಂದು ತಿಂಗಳಿನಲ್ಲಿ ಕಣದಿಂದ ದೂರವಿರಬೇಕಾದಷ್ಟು ಗಾಯಗೊಳ್ಳುವ ಸಂಭವನೀಯತೆಯು ನೂರಕ್ಕೆ ಮೂರು ಎಂದು, ಕೇವಲ ಲೆಕ್ಕದ ಸಲುವಾಗಿ, ಇಟ್ಟುಕೊಳ್ಳೋಣ. ಹಾಗಾದರೆ ಅವನು ಆ ತಿಂಗಳನ್ನು ಕ್ಷೇಮವಾಗಿ ಕಳೆಯುವ ಸಂಭವನೀಯತೆಯು 0.97. ನೋಡುವುದಕ್ಕೆ ಇದು ಬಹಳ ಭದ್ರವಾಗಿಯೇ ತೋರುತ್ತದೆ.

ಇಬ್ಬರು ಮಲ್ಲರ ಮೇಲೆ ಮೂರು ತಿಂಗಳ ಕಥೆಯನ್ನು ಕಟ್ಟಿದರೆ 0.97ನ್ನು ಆರು ಸಲ ತನ್ನಿಂದಲೇ ಗುಣಿಸಬೇಕು, ಉತ್ತರ 0.83. ಅದೇ ಇಬ್ಬರ ಮೇಲೆ ಒಂದು ವರ್ಷದ ಕಥೆಯಾದರೆ ಇಪ್ಪತ್ತನಾಲ್ಕು ಸಲ, ಉತ್ತರ 0.48. ನಾಲ್ವರನ್ನು ನೆಚ್ಚಿದ ವರ್ಷದ ಕಥೆಯಾದರೆ 0.23. ಎಂದರೆ ತಿಂಗಳಿಗೆ ನೂರಕ್ಕೆ ಮೂರರಷ್ಟೇ ಅಪಾಯವಿದ್ದರೂ, ಬರೆದಂತೆಯೇ ವರ್ಷವಿಡೀ ನಡೆಯುವ ನಾಲ್ವರ ಕಥೆಗಳು ನಾಲ್ಕರಲ್ಲಿ ಒಂದೂ ಉಳಿಯುವುದಿಲ್ಲ. ವಾಸ್ತವದಲ್ಲಿ ಪರಿಸ್ಥಿತಿ ಇದಕ್ಕಿಂತಲೂ ಕಠಿನ. ಒಬ್ಬನು ಬಿದ್ದಾಗ ಅವನ ಪಾಲಿನ ಪಂದ್ಯಗಳು ಉಳಿದವರ ಮೈಮೇಲೆ ಬೀಳುತ್ತವೆ. ಬಳಲಿದ ಮೈಗೆ ಗಾಯ ಬೇಗ. ವಿದ್ಯುಜ್ಜಾಲದಲ್ಲಿ ಒಂದು ತಂತಿಯು ಕಡಿದುಹೋದಾಗ ಅದರ ಹೊರೆಯು ನೆರೆಯ ತಂತಿಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಸೋಲುವುದನ್ನು ಇದಕ್ಕೆ ಹೋಲಿಸಬಹುದು.

ಹಾಗಾದರೆ ದೂರದ ಯೋಜನೆಯನ್ನೇ ಮಾಡಬಾರದೆ? ಹಾಗಲ್ಲ. ಯೋಜನೆಯು ಎಲ್ಲೆಲ್ಲಿ ಮುರಿಯಬಹುದೆಂಬುದನ್ನು ಮೊದಲೇ ಎಣಿಸಿ, ಅಲ್ಲಲ್ಲಿ ಇನ್ನೊಂದು ದಾರಿಯನ್ನು ತೆರೆದಿಟ್ಟಿರಬೇಕು ಎಂಬುದಷ್ಟೇ ಈ ಲೆಕ್ಕದ ಬೋಧೆ.

ಹಟವೂ ಛಲವೂ

ಹಳ್ಳಿಯ ಕೆರೆಯ ತೂಬನ್ನು ನೋಡಿಕೊಳ್ಳುವ ನೀರಗಂಟಿಯನ್ನು ನೆನೆದುಕೊಳ್ಳಿರಿ. ಅವನು ಮಳೆಗಾಲದ ಮೊದಲೇ ಒಂದು ಅಂದಾಜು ಮಾಡಿಕೊಂಡಿರುತ್ತಾನೆ. ಆದರೂ ಪ್ರತಿದಿನವೂ ಕೆರೆಯ ಮಟ್ಟವನ್ನು ನೋಡಿ ತೂಬನ್ನು ಏರಿಸುವುದು, ಇಳಿಸುವುದು ಮಾಡುತ್ತಾನೆ. ಫಲಿತಾಂಶವನ್ನು ನೋಡಿ ಕ್ರಿಯೆಯನ್ನು ತಿದ್ದಿಕೊಳ್ಳುವ ಈ ವಿಧಾನಕ್ಕೆ ವಿಜ್ಞಾನದಲ್ಲಿ ಹಿಮ್ಮಾಹಿತಿಯೆಂದು ಹೆಸರು. ಕೆರೆ ತುಂಬಿ ಕೋಡಿ ಬಿದ್ದರೂ 'ನಾನು ಯುಗಾದಿಯಂದೇ ನಿಶ್ಚಯಿಸಿದ್ದೇನೆ' ಎಂದು ತೂಬನ್ನು ಮುಟ್ಟದೆ ಕುಳಿತ ನೀರಗಂಟಿಯನ್ನು ಊರವರು ಏನೆಂದಾರು?

ವೃತ್ತಿಪರ ಕುಸ್ತಿಯಲ್ಲಿ ಕೆರೆಯ ಮಟ್ಟವನ್ನು ತಿಳಿಸುವುದು ಪ್ರೇಕ್ಷಕರ ಕೂಗು. 2014ರ ಜನವರಿ 26ರಂದು ಜನರು ಬಯಸಿದ್ದುದು ಡೇನಿಯಲ್ ಬ್ರಯನ್ ಎಂಬ ಕುಳ್ಳನೆಯ, ನಿಪುಣನಾದ ಮಲ್ಲನನ್ನು, ಗೆಲ್ಲಿಸಿದ್ದು ಬತೀಸ್ತಾನನ್ನು. ಸಭಾಂಗಣವೆಲ್ಲ ಛೀಮಾರಿಯಿಂದ ತುಂಬಿತು. ಕಡೆಗೆ ಸಂಸ್ಥೆಯು ಮಣಿದು ಕಥೆಯನ್ನು ತಿದ್ದಿತು. ಏಪ್ರಿಲ್ 6ರಂದು ಬ್ರಯನ್ ಪಟ್ಟವೇರಿದನು. ಎರಡು ತಿಂಗಳೊಳಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆಯಾಗಿ, ಜೂನ್ 9ರಂದು ಆ ಪಟ್ಟವು ಅವನ ಕೈಬಿಟ್ಟಿತು. ಜನರು ತಿದ್ದಿದ ಕಥೆಯನ್ನು ಮೈ ಮತ್ತೊಮ್ಮೆ ತಿದ್ದಿತು.

ಅನಂತರ ಬಂದುದು ಹಟದ ಕಾಲ. ರೋಮನ್ ರೇನ್ಸ್ ಎಂಬಾತನನ್ನು ನಾಯಕನನ್ನಾಗಿ ಮಾಡಲೇಬೇಕೆಂದು ಸಂಸ್ಥೆ ನಿಶ್ಚಯಿಸಿದ್ದಿತು. 2015ರಿಂದ 2018ರವರೆಗೆ ಸತತವಾಗಿ ನಾಲ್ಕು ರೆಸಲ್‌ಮೇನಿಯಾಗಳ ಕೊನೆಯ ಪಂದ್ಯದಲ್ಲಿ ಅವನನ್ನೇ ನಿಲ್ಲಿಸಿದರು. ನಾಲ್ಕರಲ್ಲಿಯೂ ಜನರು ಅವನನ್ನು ಮೂದಲಿಸಿದರು. 2018ರ ಅಕ್ಟೋಬರಿನಲ್ಲಿ ತನಗೆ ರಕ್ತದ ಕ್ಯಾನ್ಸರು ಮರುಕಳಿಸಿದೆಯೆಂದು ರೇನ್ಸನು ಪ್ರಕಟಿಸಿದಾಗ ಅದೇ ಜನರು ಅವನಿಗಾಗಿ ಎದ್ದುನಿಂತು ಚಪ್ಪಾಳೆ ತಟ್ಟಿದರು. ಮೂದಲಿಕೆಯು ಪಾತ್ರಕ್ಕೆ, ಚಪ್ಪಾಳೆಯು ಮನುಷ್ಯನಿಗೆ. ಚೇತರಿಸಿಕೊಂಡ ಅವನನ್ನು 2020ರಲ್ಲಿ ಖಳನಾಯಕನನ್ನಾಗಿ ಮಾರ್ಪಡಿಸಿದೊಡನೆ, ಐದು ವರ್ಷ ಒಲಿಯದ ಯಶಸ್ಸು ಒಲಿಯಿತು. ಪರಿಮಾಣವು ಅಷ್ಟೇ, ಚಿಹ್ನೆ ಮಾತ್ರ ಬದಲು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ತಪ್ಪು ಅಪರಿಚಿತವೇನಲ್ಲ.

ಕಾದು ಫಲ ಪಡೆದ ಕಥೆಯೂ ಇದೆ. ಕೋಡಿ ರೋಡ್ಸ್ ಎಂಬಾತನು 2022ರಲ್ಲಿ ಎದೆಯ ಮಾಂಸಖಂಡವು ಹರಿದು ದೂರವಾದನು. 2023ರ ಜನವರಿಯಲ್ಲಿ ಮರಳಿ, ಏಪ್ರಿಲಿನಲ್ಲಿ ರೇನ್ಸನೆದುರು ಸೋತನು. ಜನರು ಗೊಣಗಿದರೂ ಕಥೆಯನ್ನು ಒಂದು ವರ್ಷ ಎಳೆದರು. 2024ರ ಫೆಬ್ರವರಿಯಲ್ಲಿ ಅವನ ಸ್ಥಾನಕ್ಕೆ 'ದಿ ರಾಕ್' ಎಂಬ ಹಳೆಯ ತಾರೆಯನ್ನು ತರಹೊರಟಾಗ ಜನರು ತೀವ್ರವಾಗಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ರೋಡ್ಸನ ಸ್ಥಾನವು ಅವನಿಗೆ ಮರಳಿತು. 2024ರ ಏಪ್ರಿಲ್ 7ರಂದು ಅವನು ಗೆದ್ದಾಗ ರೇನ್ಸನ 1,316 ದಿನಗಳ ಆಳ್ವಿಕೆ ಕೊನೆಗೊಂಡಿತು. ಗುರಿಯನ್ನು ಬಿಡದೆ ದಾರಿಯನ್ನು ಬದಲಿಸಿಕೊಳ್ಳುವುದು ಛಲ. ಗುರಿಯೊಡನೆ ದಾರಿಗೂ ಅಂಟಿಕೊಳ್ಳುವುದು ಹಟ. ನಮ್ಮ ಭಾಷೆಯು ಇವೆರಡನ್ನೂ ಬೇರೆಬೇರೆ ಪದಗಳಿಂದ ಗುರುತಿಸಿರುವುದು ಸುಮ್ಮನೆ ಅಲ್ಲ.

ಯಾರು ನಿಲ್ಲಿಸಬೇಕು?

ಇಲ್ಲಿಯವರೆಗೆ ಕಥೆಗೆ ಆಗುವ ನಷ್ಟವನ್ನು ನೋಡಿದೆವು. ಆದರೆ ನಿಜವಾದ ನಷ್ಟ ಯಾರದು? 2001ರ ಮೇ 21ರಂದು ಟ್ರಿಪಲ್ ಎಚ್ ಎಂಬ ಮಲ್ಲನ ಎಡತೊಡೆಯ ಮಾಂಸಖಂಡವು ಪಂದ್ಯದ ನಡುವೆ ಮೂಳೆಯಿಂದ ಕಿತ್ತುಬಂದಿತು. ಅವನು ನಿಲ್ಲಿಸದೆ, ಆ ಕಾಲನ್ನೇ ಎದುರಾಳಿಯು ಮಡಿಸಿ ಹಿಡಿಯುವ ಪಟ್ಟಿಗೂ ಒಡ್ಡಿಕೊಂಡು, ಪಂದ್ಯವನ್ನು ಮುಗಿಸಿದನು. ಏಳು ತಿಂಗಳಿಗೂ ಹೆಚ್ಚು ಕಾಲ ಹೊರಗಿದ್ದನು. 2022ರ ಜೂನ್ 5ರಂದು ರೋಡ್ಸನು ಎದೆಯಿಂದ ತೋಳಿನವರೆಗೆ ನೇರಳೆಗಟ್ಟಿದ ಮೈಯಿಂದ ಕಣಕ್ಕಿಳಿದನು. ಹರಿದ ಮಾಂಸಖಂಡದಿಂದ ಸೋರಿದ ರಕ್ತವು ಚರ್ಮದ ಕೆಳಗೆ, ಗುರುತ್ವದ ಸೆಳೆತಕ್ಕೆ ಸಿಕ್ಕಿ, ಕೆಳಕ್ಕೆ ಹರಡಿದುದೇ ಆ ಬಣ್ಣದ ಕಾರಣ. ಜನರು ಈ ಧೈರ್ಯವನ್ನು ಕೊಂಡಾಡಿದರು. ಕೊಂಡಾಟವೇ ಮುಂದಿನವನಿಗೆ ಬಲವಂತವಾಗುತ್ತದೆಂಬುದನ್ನು ನಾವು ಮರೆಯಬಾರದು.

ಅತ್ಯಂತ ದಾರುಣವಾದುದು 1999ರ ಮೇ 23ರ ಘಟನೆ. ಮೇಲಿನಿಂದ ಹಗ್ಗದಲ್ಲಿ ಇಳಿದು ಕಣವನ್ನು ಪ್ರವೇಶಿಸಬೇಕೆಂಬುದು ಅಂದಿನ ಕಥೆ. ಹಿಡಿತದ ಕೊಂಡಿ ಕಳಚಿ, ಇಪ್ಪತ್ತು ಮೀಟರಿಗೂ ಮಿಕ್ಕ ಎತ್ತರದಿಂದ ಬಿದ್ದು, ಹಿಂದೆ ಹೇಳಿದ ಓವನ್ ಹಾರ್ಟನೇ ಮೃತನಾದನು. ಅವನಿಗೆ 34 ವರ್ಷ. ಅಂದಿನ ಪ್ರದರ್ಶನವು ಕಾರ್ಯಕ್ರಮದ ಪಟ್ಟಿಯಂತೆಯೇ ಮುಂದುವರಿಯಿತು. ಕಥೆಯ ಹಟಕ್ಕೆ ಇದಕ್ಕಿಂತ ಕಠೋರವಾದ ಸಾಕ್ಷ್ಯ ಬೇಕಿಲ್ಲ.

ಇದರ ಪಕ್ಕದಲ್ಲಿ ನಮ್ಮ ಮೈಸೂರಿನ ವಜ್ರಮುಷ್ಟಿ ಕಾಳಗವನ್ನಿಟ್ಟು ನೋಡಿರಿ. ವಿಜಯದಶಮಿಯಂದು, ಜಂಬೂಸವಾರಿಗೆ ಮುಂಚೆ, ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಮುಷ್ಟಿಗೆ ಮೊನಚಾದ ಆಯುಧವನ್ನು ತೊಟ್ಟು ಸೆಣಸುತ್ತಾರೆ. ಹೊರನೋಟಕ್ಕೆ ಇದು ಟೆಲಿವಿಷನ್ನಿನ ಕುಸ್ತಿಗಿಂತ ಕ್ರೂರವಾಗಿ ತೋರಬಹುದು. ಆದರೆ ಅದರ ನಿಯಮ ಒಂದುಂಟು: ಒಬ್ಬನ ತಲೆಯಲ್ಲಿ ರಕ್ತವು ಕಾಣಿಸಿಕೊಂಡೊಡನೆ ಕಾಳಗವು ನಿಲ್ಲತಕ್ಕದ್ದು. ಹಲವು ವೇಳೆ ಕ್ಷಣಮಾತ್ರದಲ್ಲಿಯೇ ಮುಗಿದುಹೋಗುತ್ತದೆ. ಸಾವಿರಾರು ಮಂದಿ ಕಾದು ಕುಳಿತಿದ್ದಾರೆಂದು ಯಾರೂ ಅದನ್ನು ಎಳೆಯುವುದಿಲ್ಲ. ಅಲ್ಲಿ ಕಥೆಯನ್ನು ಮುಗಿಸುವ ಅಧಿಕಾರವು ಮೈಗೇ ಸೇರಿದೆ. ಗಾಯಗೊಂಡವನು ತಾನಾಗಿ ಸೋಲೊಪ್ಪುವ ಸಂಕಟವೂ ಅವನಿಗಿಲ್ಲ, ಏಕೆಂದರೆ ನಿಲ್ಲಿಸುವವರು ಬೇರೆಯವರು.

ವಿದ್ಯಾರ್ಥಿಗಳಾದ ನಿಮಗೆ ಈ ವಿಚಾರ ದೂರದ್ದೆಂದು ತೋರಬಹುದು. ಆದರೆ ಅಂತರಕಾಲೇಜು ಪಂದ್ಯಕ್ಕೆ ಹೆಸರು ಹೋಗಿದೆಯೆಂದು ಊದಿದ ಮಂಡಿಯನ್ನು ತರಬೇತುದಾರರಿಂದ ಮುಚ್ಚಿಡುವ ಹುಡುಗಿ, ಕಟ್ಟಿದ ಜೋಡಿ ತಪ್ಪುವುದೆಂದು ಭುಜದ ನೋವನ್ನು ಉಸ್ತಾದರಿಗೆ ಹೇಳದ ಗರಡಿಯ ಹುಡುಗ, ಗೆಳೆಯರ ಚಪ್ಪಾಳೆಗಾಗಿ ಹಾಸ್ಟೆಲಿನ ಕಾಂಕ್ರೀಟು ಮಹಡಿಯ ಮೇಲೆ ಟೆಲಿವಿಷನ್ನಿನ ಪಟ್ಟುಗಳನ್ನು ಅನುಕರಿಸುವವರು, ಇವರೆಲ್ಲರೂ ಕಥೆಯ ಪರವಾಗಿ ಮೈಯ ವಿರುದ್ಧ ಮತ ಕೊಟ್ಟವರೇ. ಒಂದು ಸೆಂಟಿಮೀಟರಿಗೂ ಹತ್ತು ಸೆಂಟಿಮೀಟರಿಗೂ ಇರುವ ಅಂತರವನ್ನು ಅವರು ಲೆಕ್ಕದ ಪುಸ್ತಕದಲ್ಲಿಯೇ ಕಲಿಯಲಿ, ಕಾಂಕ್ರೀಟಿನ ಮೇಲಲ್ಲ. ನೋವು ಇಳಿದ ಮಾತ್ರಕ್ಕೆ ರಜ್ಜು ಬಲಗೊಂಡಿಲ್ಲವೆಂಬುದನ್ನು ಕ್ರೀಡಾಪಟುವೂ ತಿಳಿದಿರಲಿ. ಆಟಗಾರನು ತಾನಾಗಿ 'ಸಾಕು' ಎನ್ನಲಾರನೆಂಬುದನ್ನು ತರಬೇತುದಾರನೂ ಪೋಷಕರೂ ತಿಳಿದಿರಲಿ.

ಕಥೆಯನ್ನು ನಾಳೆ ಬೇರೆ ರೀತಿಯಲ್ಲಿ ಬರೆಯಬಹುದು. ಪಟ್ಟವನ್ನು ಇನ್ನೊಬ್ಬನಿಗೆ ಕಟ್ಟಬಹುದು. ದಸರಾ ಮುಂದಿನ ವರ್ಷವೂ ಬರುತ್ತದೆ. ಬೆನ್ನುಹುರಿಯನ್ನು ಮಾತ್ರ ಎರಡನೆಯ ಸಲ ಬರೆಯುವ ಲೇಖನಿಯನ್ನು ವಿಜ್ಞಾನವು ಇನ್ನೂ ಕಂಡುಹಿಡಿದಿಲ್ಲ.